ಚರಂಡಿಗಾಗಿ ಸುಪ್ರೀಂ ಕೋರ್ಟ್‌ವರೆಗೆ ಹೋದ ರತ್ಲಾಮಿನ 12ನೇ ವಾರ್ಡು

ಮಧ್ಯಪ್ರದೇಶದ ರತ್ಲಾಮ್ ಅಂದರೆ ರೈಲಿನಲ್ಲಿ ಓಡಾಡುವವರಿಗೆ ದೊಡ್ಡ ಜಂಕ್ಷನ್. ತಿಂಡಿಪ್ರಿಯರಿಗೆ ಖಾರದ ಸೇವು. ಕಾನೂನು ಓದಿದವರಿಗೆ ಮಾತ್ರ ಆ ಊರಿನ ಹೆಸರು ಕೇಳಿದ ಕೂಡಲೇ ನೆನಪಾಗುವುದು ಚರಂಡಿ. ಸಾರ್ವಜನಿಕ ಚರಂಡಿಯಲ್ಲಿ ಏನು ಹರಿಯಬೇಕು, ಏನು ಹರಿಯಬಾರದು, ಹರಿದರೆ ಯಾರನ್ನು ಕೇಳಬೇಕು ಅನ್ನುವ ಪ್ರಶ್ನೆಯನ್ನು ಅಲ್ಲಿನ ಒಂದು ವಾರ್ಡಿನ ಜನ ಸುಪ್ರೀಂ ಕೋರ್ಟ್‌ವರೆಗೆ ಎಳೆದರು.

ನಡೆದದ್ದು ಹೀಗೆ. ರತ್ಲಾಮ್ ಪುರಸಭೆಯ 12ನೇ ವಾರ್ಡಿನ ನ್ಯೂ ರೋಡ್ ಎಂಬ ಬೀದಿಯಲ್ಲಿ ಸರಿಯಾದ ಚರಂಡಿ ಇರಲಿಲ್ಲ. ಪಕ್ಕದ ಕೊಳೆಗೇರಿಯವರಿಗೆ ಶೌಚಾಲಯ ಇರಲಿಲ್ಲ, ಹಾಗಾಗಿ ರಸ್ತೆ ಬದಿಯೇ ಬಯಲು. ಇದರ ಮೇಲೆ ಅಲ್ಲಿದ್ದ ಆಲ್ಕೋಹಾಲ್ ಕಾರ್ಖಾನೆಯೊಂದರ ನಾರುವ ನೀರು ಬೀದಿಗೇ ಬಂದು ಬೀಳುತ್ತಿತ್ತು. ಗುಂಡಿಗಳಲ್ಲಿ ನಿಂತ ನೀರು, ಅದರ ತುಂಬ ಸೊಳ್ಳೆ.

ಡಿಸ್ಟಿಲರಿ ನೀರು ಅಂದರೆ ಏನೆಂದು ಸಕ್ಕರೆ ಕಾರ್ಖಾನೆ ಇರುವ ನಮ್ಮ ತಾಲ್ಲೂಕುಗಳವರಿಗೆ ಬಿಡಿಸಿ ಹೇಳಬೇಕಿಲ್ಲ. ಕಾಕಂಬಿಯಿಂದ ಒಂದು ಲೀಟರ್ ಆಲ್ಕೋಹಾಲ್ ತೆಗೆದರೆ ಹತ್ತು ಲೀಟರಿನ ಆಸುಪಾಸು ಕಂದು ಬಣ್ಣದ ಕೊಳಕು ನೀರು ಉಳಿಯುತ್ತದೆ.

1972ರಲ್ಲಿ ಬೀದಿಯವರು ದೂರು ಕೊಟ್ಟರು. ಅವರು ಮೊದಲು ಹೋದದ್ದು ದೆಹಲಿಗಲ್ಲ, ತಮ್ಮೂರಿನ ಉಪವಿಭಾಗದ ಮ್ಯಾಜಿಸ್ಟ್ರೇಟರ ಹತ್ತಿರ. ಹಿಡಿದದ್ದು ಅಪರಾಧ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. ಸಾರ್ವಜನಿಕರಿಗೆ ಉಪದ್ರವ ಆಗುವುದನ್ನು ತೆಗೆಸಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ ಕಲಂ ಅದು, ಬ್ರಿಟಿಷರ ಕಾಲದ್ದು. ಜಲಮಾಲಿನ್ಯ ತಡೆಯುವ ಕೇಂದ್ರ ಕಾಯ್ದೆ ಇನ್ನೂ ಹುಟ್ಟಿರದ ಕಾಲದಲ್ಲಿ ಕೈಗೆ ಸಿಕ್ಕ ಆಯುಧ ಅದು.

ಪುರಸಭೆ ಕೊಟ್ಟ ಉತ್ತರ ಓದಿದರೆ ನಗು ಬರುತ್ತದೆ, ಆಮೇಲೆ ಸಿಟ್ಟು. ಆ ಜಾಗ ಗಲೀಜು ಎಂದು ಗೊತ್ತಿದ್ದೇ ಇವರು ತಮ್ಮಿಷ್ಟದಿಂದ ಅಲ್ಲಿ ಮನೆ ಮಾಡಿದ್ದಾರೆ, ಈಗ ದೂರುವಂತಿಲ್ಲ ಎಂದಿತು. ಜೊತೆಗೆ ನಮ್ಮಲ್ಲಿ ಹಣ ಇಲ್ಲ ಎಂದೂ ಹೇಳಿತು. ಈ ಎರಡನೆಯ ಮಾತು ಇವತ್ತಿಗೂ ಯಾವ ಪಂಚಾಯ್ತಿ ಕಚೇರಿಗೆ ಹೋದರೂ ಕೇಳಿಸುತ್ತದೆ. ‘ಅನುದಾನ ಬಂದಿಲ್ಲ ಸಾರ್’ ಅಂತ.

ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ಆರು ತಿಂಗಳೊಳಗೆ ಯೋಜನೆ ಮಾಡಿ ಉಪದ್ರವ ನಿವಾರಿಸಿ ಎಂದರು. ಪುರಸಭೆ ಮೇಲ್ಮನವಿ ಹೋಯಿತು. ಸೆಷನ್ಸ್ ಕೋರ್ಟ್ ಆದೇಶ ತಪ್ಪು ಎಂದಿತು, ಹೈಕೋರ್ಟ್ ಸರಿ ಎಂದಿತು. ಪುರಸಭೆ ಸುಪ್ರೀಂ ಕೋರ್ಟಿಗೂ ಹೋಯಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು, ಚರಂಡಿ ಅಲ್ಲೇ ಇತ್ತು. ಕೋರ್ಟಿಗೆ ಅಲೆಯುವುದಕ್ಕೆ ತೋರಿಸಿದ ಹುರುಪಿನಲ್ಲಿ ಅರ್ಧವನ್ನು ಬೀದಿ ತೊಳೆಯಲು ತೋರಿಸಿದ್ದರೆ ಕೆಲಸ ಯಾವಾಗಲೋ ಮುಗಿಯುತ್ತಿತ್ತು ಎಂದು ನ್ಯಾಯಮೂರ್ತಿಗಳೇ ಚುಚ್ಚಿದರು.

1980ರ ಜುಲೈ 29ರಂದು ತೀರ್ಪು ಬಂತು. ಪೀಠದಲ್ಲಿದ್ದವರು ವಿ.ಆರ್. ಕೃಷ್ಣ ಅಯ್ಯರ್ ಮತ್ತು ಒ. ಚಿನ್ನಪ್ಪ ರೆಡ್ಡಿ. ನೈರ್ಮಲ್ಯ ಪುರಸಭೆಯ ಕಡ್ಡಾಯ ಕರ್ತವ್ಯ, ಹಣ ಇಲ್ಲ ಎಂಬ ನೆಪ ಅದಕ್ಕೆ ನಡೆಯುವುದಿಲ್ಲ ಎಂಬುದು ತೀರ್ಪಿನ ತಿರುಳು. ಬಯಲಿಗೆ ಹೋಗುವ ಬಡವರನ್ನು ಕೋರ್ಟ್ ಬೈಯಲಿಲ್ಲ, ಶೌಚಾಲಯ ಕಟ್ಟದವರನ್ನು ಬೈಯಿತು. ಆರು ತಿಂಗಳಲ್ಲಿ ಗಂಡಸರಿಗೆ, ಹೆಂಗಸರಿಗೆ ಬೇರೆಬೇರೆ ಶೌಚಾಲಯ ಆಗಬೇಕು, ನೀರು ಇರಬೇಕು, ಗುಂಡಿ ಮುಚ್ಚಬೇಕು, ಮಲೇರಿಯಾ ವಿಭಾಗ ಸೊಳ್ಳೆ ನೋಡಿಕೊಳ್ಳಬೇಕು ಎಂದು ಪಟ್ಟಿ ಮಾಡಿಕೊಟ್ಟಿತು. ಆಲ್ಕೋಹಾಲ್ ಕಾರ್ಖಾನೆಯ ನೀರು ಬೀದಿಗೆ ಬರುವುದನ್ನು ಪುರಸಭೆ ಕೂಡಲೇ ನಿಲ್ಲಿಸಬೇಕು, ಸರ್ಕಾರವೂ ಕ್ರಮ ಕೈಗೊಳ್ಳಬೇಕು, ಮಾಡದಿದ್ದರೆ ಹೊಣೆಗಾರ ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಬೇಕು ಎಂದಿತು.

ಈ ಕೇಸು ನಡೆಯುತ್ತಿದ್ದಾಗಲೇ, 1974ರಲ್ಲಿ, ಜಲಮಾಲಿನ್ಯ ತಡೆ ಕಾಯ್ದೆ ಬಂದಿತ್ತು. ಮೊದಲ ಹಂತದಲ್ಲೇ ಒಪ್ಪಿದ ರಾಜ್ಯಗಳಲ್ಲಿ ಮಧ್ಯಪ್ರದೇಶವೂ ಇತ್ತು, ಕರ್ನಾಟಕವೂ ಇತ್ತು. ನಮ್ಮ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದು ಅದೇ ವರ್ಷ. ಆದರೆ ಮೂಲ ಕಾಯ್ದೆಯ 24ನೇ ಕಲಮಿನಲ್ಲಿ ಒಂದು ಕಿಂಡಿ ಇತ್ತು. ವಿಷದ ನೀರನ್ನು ಹಳ್ಳ, ನದಿ, ಬಾವಿಗೆ ಬಿಡಬಾರದು ಎಂದಿತ್ತೇ ಹೊರತು ಚರಂಡಿಯ ಹೆಸರು ಅದರಲ್ಲಿರಲಿಲ್ಲ. 1988ರ ತಿದ್ದುಪಡಿಯಲ್ಲಿ ‘ಚರಂಡಿ’ ಮತ್ತು ‘ನೆಲ’ ಎರಡೂ ಸೇರಿದವು. ಚರಂಡಿ ಅಂದರೆ ಕೊಳಚೆ ಅಥವಾ ಕಾರ್ಖಾನೆಯ ತ್ಯಾಜ್ಯ ನೀರು ಒಯ್ಯುವ ಯಾವುದೇ ಕೊಳವೆ ಅಥವಾ ಕಾಲುವೆ, ತೆರೆದಿರಲಿ, ಮುಚ್ಚಿರಲಿ. ಅಂದರೆ ಪೇಟೆಯ ಒಳಚರಂಡಿಗೆ ಮಾತ್ರ ಇದು ಅನ್ವಯಿಸುತ್ತದೆ ಎಂದುಕೊಳ್ಳಬೇಡಿ. ಕೊಳಚೆ ಹರಿಯುವ ನಿಮ್ಮ ಮನೆ ಮುಂದಿನ ಕಲ್ಲು ಕಟ್ಟಿದ ಮೋರಿಯೂ ಇದರೊಳಗೆ ಬರುತ್ತದೆ.

1993ರಲ್ಲಿ ಕೇಂದ್ರ ಸರ್ಕಾರ ತ್ಯಾಜ್ಯ ನೀರಿಗೆ ಸಾಮಾನ್ಯ ಅಳತೆ ಹಾಕಿತು. ಇದರಲ್ಲೊಂದು ಸೂಕ್ಷ್ಮ ಇದೆ. ನೀರಿನಲ್ಲಿರುವ ಕೊಳೆ ಕರಗಲು ಎಷ್ಟು ಆಮ್ಲಜನಕ ಬೇಕು ಎಂಬುದನ್ನು ಬಿಒಡಿ ಎಂದು ಅಳೆಯುತ್ತಾರೆ. ಅದು ಹೆಚ್ಚಿದಷ್ಟೂ ಮೀನಿಗೆ ಉಸಿರು ಕಟ್ಟುತ್ತದೆ. ಕಾರ್ಖಾನೆ ನೀರನ್ನು ನದಿ, ಕೆರೆಗೆ ಬಿಡುವುದಾದರೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಸಾರ್ವಜನಿಕ ಒಳಚರಂಡಿಗಾದರೆ 350ರವರೆಗೆ ಬಿಡಬಹುದು. ತೇಲುವ ಕಸಕ್ಕೂ ಹಾಗೇ, ಕೆರೆಗೆ 100, ಒಳಚರಂಡಿಗೆ 600. ಎಣ್ಣೆ ಜಿಡ್ಡು 10 ಮತ್ತು 20. ಆಮ್ಲ, ಕ್ಷಾರದ ಮಿತಿ ಮಾತ್ರ ಎರಡಕ್ಕೂ ಒಂದೇ, ಪಿಎಚ್ 5.5ರಿಂದ 9. ಡಿಸ್ಟಿಲರಿಯ ಕಚ್ಚಾ ತ್ಯಾಜ್ಯದ ಬಿಒಡಿ ಹತ್ತಾರು ಸಾವಿರ ಇರುತ್ತದೆ, ಯಾವ ಚರಂಡಿಗೂ ಅದು ಸಲ್ಲದು.

ಒಳಚರಂಡಿಗೆ ಇಷ್ಟು ಸಡಿಲ ಬಿಟ್ಟದ್ದೇಕೆ? ಆ ಕೊಳವೆಯ ಕೊನೆಯಲ್ಲಿ ಶುದ್ಧೀಕರಣ ಘಟಕ ಇರುತ್ತದೆ, ಉಳಿದ ಕೊಳೆಯನ್ನು ಅದು ತೆಗೆಯುತ್ತದೆ ಎಂಬ ಲೆಕ್ಕದಿಂದ. ನಮ್ಮ ಹಳ್ಳಿ, ಸಣ್ಣ ಪಟ್ಟಣಗಳ ಎಷ್ಟೋ ಚರಂಡಿಗಳ ಕೊನೆಯಲ್ಲಿ ಘಟಕ ಇಲ್ಲ, ಕೆರೆ ಇದೆ. ಅಂಥ ಕಡೆ ಕಾರ್ಖಾನೆಯವರೋ ರೈಸ್‌ಮಿಲ್ಲಿನವರೋ ‘ನಾವು ಬಿಡೋದು ಚರಂಡಿಗೆ, ಕೆರೆಗಲ್ಲ’ ಅಂದರೆ ಮರುಪ್ರಶ್ನೆ ಒಂದೇ. ಈ ಚರಂಡಿ ಹೋಗಿ ಸೇರುವುದೆಲ್ಲಿ?

ರತ್ಲಾಮಿನವರು ಹಿಡಿದ ದಾರಿ ಇನ್ನೂ ಮುಚ್ಚಿಲ್ಲ. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ 133ನೇ ಕಲಂ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152 ಆಗಿದೆ. ಪೊಲೀಸರ ವರದಿಯೇ ಬೇಕೆಂದಿಲ್ಲ, ಬೇರೆ ಮಾಹಿತಿಯ ಮೇಲೂ ಮ್ಯಾಜಿಸ್ಟ್ರೇಟರು ಷರತ್ತಿನ ಆದೇಶ ಹೊರಡಿಸಿ, ಎದುರಿನವರಿಂದ ಉತ್ತರ ಕೇಳಬಹುದು. ನಮ್ಮ ಕಡೆ ಆ ಉಪವಿಭಾಗದ ಮ್ಯಾಜಿಸ್ಟ್ರೇಟ್ ಅಂದರೆ ಬೇರೆ ಯಾರೂ ಅಲ್ಲ, ಜಮೀನಿನ ತಕರಾರಿಗೆ ನಾವು ಹೋಗಿ ಕಾಯುವ ಅದೇ ಎ.ಸಿ. ಸಾಹೇಬರು.