ಕರೆಂಟು ಹೋದಾಗ ಮನೆಗೊಂದು ಸಣ್ಣ ಜನರೇಟರ್: ಆಯ್ಕೆ ಮತ್ತು ಜೋಡಣೆ

ಕಾಸರಗೋಡಿನ ಒಳನಾಡಿನಲ್ಲಿ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ದೇಲಂಪಾಡಿ ಕಡೆ, ವಿದ್ಯುತ್ ಲೈನು ಅಡಿಕೆ ತೋಟ, ರಬ್ಬರ್ ತೋಟ, ಗುಡ್ಡಗಳ ನಡುವೆಯೇ ಹಾದುಹೋಗುತ್ತದೆ. ಜೂನ್ ತಿಂಗಳ ಗಾಳಿಮಳೆಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಊರಿಡೀ ಕತ್ತಲು. ಪೇಟೆಯಲ್ಲಾದರೆ ಒಂದೆರಡು ಗಂಟೆಯಲ್ಲಿ ಸರಿಯಾದೀತು. ಒಳಗಿನ ಊರುಗಳಲ್ಲಿ ಎರಡು ಮೂರು ದಿನ ಕಾಯುವುದೂ ಉಂಟು. ಬಾವಿ ತುಂಬಿ ನಿಂತಿದ್ದರೂ ಟ್ಯಾಂಕಿಗೆ ನೀರು ಏರುವುದಿಲ್ಲ. ಮೊಬೈಲ್ ಸತ್ತಿರುತ್ತದೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಫ್ರಿಜ್ಜಿನಲ್ಲಿರುತ್ತದೆ.

ಇನ್ವರ್ಟರ್ ಇದೆಯಲ್ಲ ಎನ್ನಬಹುದು. 150 ಎಎಚ್‌ನ ಒಂದು ಬ್ಯಾಟರಿ ಮೂರು ಫ್ಯಾನು, ನಾಲ್ಕಾರು ದೀಪಗಳನ್ನು ನಾಲ್ಕೈದು ಗಂಟೆ ನಡೆಸೀತು. ಒಂದು ಸಂಜೆಗೆ ಅದು ಧಾರಾಳ, ಮೂರು ದಿನಕ್ಕೆ ಏನೇನೂ ಸಾಲದು. ಇಂತಹ ಮನೆಗಳು ಸಣ್ಣ ಪೆಟ್ರೋಲ್ ಜನರೇಟರಿನ ಕಡೆ ನೋಡುವುದು ಸಹಜವೇ. ಆದರೆ ಮಿಕ್ಸಿ ಕೊಳ್ಳುವಂತೆ ಕೊಂಡು ತಂದು ಪ್ಲಗ್ಗಿಗೆ ಸಿಕ್ಕಿಸುವ ವಸ್ತು ಇದಲ್ಲ.

ಎಷ್ಟು ದೊಡ್ಡದು ಬೇಕು?

ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಲೆಕ್ಕ ಹಾಕಬೇಕು. ಒಂಬತ್ತು ವ್ಯಾಟಿನ ಆರು ಎಲ್‌ಇಡಿ ಬಲ್ಬಿಗೆ 54 ವ್ಯಾಟ್. ಹಳೆಯ ಮಾದರಿಯ ಮೂರು ಫ್ಯಾನಿಗೆ ಸುಮಾರು 225. ಟಿವಿಗೆ 80. ಫ್ರಿಜ್ಜಿಗೆ 150. ಒಟ್ಟು ಐನೂರು ವ್ಯಾಟಿನ ಆಸುಪಾಸು. ಹಾಗಾದರೆ 1 ಕೆವಿಎ ಯಂತ್ರ ಸಾಕು ಎಂದು ಅನಿಸುತ್ತದೆ. ತಪ್ಪುವುದು ಇಲ್ಲಿಯೇ. ಮೋಟಾರ್ ಇರುವ ಯಾವ ಉಪಕರಣವೂ ಶುರುವಾಗುವ ಕ್ಷಣದಲ್ಲಿ ಓಡುವಾಗಿನದರ ಮೂರರಿಂದ ಐದು ಪಟ್ಟು ಕರೆಂಟು ಎಳೆಯುತ್ತದೆ. 150 ವ್ಯಾಟಿನ ಫ್ರಿಜ್ಜು ಒಂದು ಕ್ಷಣಕ್ಕೆ 700 ವ್ಯಾಟ್ ಕೇಳೀತು. ಉಳಿದದ್ದನ್ನು ಸೇರಿಸಿದರೆ ಸಾವಿರ ದಾಟಿತು. ಇಂತಹ ಮನೆಗೆ 2 ಕೆವಿಎ ತೆಗೆದುಕೊಳ್ಳುವುದೇ ಕ್ಷೇಮ.

ಬಾವಿಯ ಪಂಪು ಸೇರಿದರೆ ಲೆಕ್ಕವೇ ಬೇರೆ. ಒಂದು ಎಚ್‌ಪಿ ಪಂಪು ಓಡುವಾಗ ಸುಮಾರು ಒಂದು ಸಾವಿರ ವ್ಯಾಟ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ಅದಕ್ಕೆ 3 ಕೆವಿಎಗಿಂತ ಕಡಿಮೆಯದನ್ನು ನಂಬಬಾರದು. ಪಂಪನ್ನು ಮೊದಲು ಶುರುಮಾಡಿ, ಅದು ಸ್ಥಿರವಾದ ಮೇಲೆ ಫ್ರಿಜ್ಜು, ಕೊನೆಗೆ ದೀಪ, ಫ್ಯಾನು ಹಾಕಬೇಕು. ತೋಟದ ತ್ರೀ ಫೇಸ್ ಪಂಪಿಗೆ ಈ ಬಗೆಯ ಸಣ್ಣ ಯಂತ್ರ ಆಗುವುದೇ ಇಲ್ಲ. ಇಂಡಕ್ಷನ್ ಒಲೆ, ಗೀಸರ್, ಇಸ್ತ್ರಿಪೆಟ್ಟಿಗೆಗಳನ್ನು ಕರೆಂಟು ಬರುವ ತನಕ ಮರೆತುಬಿಡುವುದು ಒಳ್ಳೆಯದು.

ಸಾದಾ ಜನರೇಟರ್, ಇನ್ವರ್ಟರ್ ಜನರೇಟರ್ ಎಂದು ಎರಡು ಬಗೆಗಳಿವೆ. ಸಾದಾ ಯಂತ್ರದ ಎಂಜಿನ್ ಲೋಡು ಇರಲಿ ಬಿಡಲಿ ಒಂದೇ ವೇಗದಲ್ಲಿ ಓಡಬೇಕು, 50 ಹರ್ಟ್ಸ್ ಸಿಗುವುದು ಹಾಗೆಯೇ. ಲೋಡು ಏರಿಳಿದಾಗ ವೋಲ್ಟೇಜೂ ಅಲುಗುತ್ತದೆ. ಇನ್ವರ್ಟರ್ ಜನರೇಟರ್ ಲೋಡಿಗೆ ತಕ್ಕಂತೆ ವೇಗ ತಗ್ಗಿಸುತ್ತದೆ. ಸದ್ದು ಕಡಿಮೆ, ಪೆಟ್ರೋಲ್ ಉಳಿತಾಯ, ಟಿವಿ ಮತ್ತು ಕಂಪ್ಯೂಟರಿಗೆ ಹಿತ. ಬೆಲೆ ಮಾತ್ರ ಜಾಸ್ತಿ. ಮನೆಯ ಹಳೆಯ ಬ್ಯಾಟರಿ ಇನ್ವರ್ಟರ್ ಕೆಲವೊಮ್ಮೆ ಸಾದಾ ಜನರೇಟರಿನ ಕರೆಂಟನ್ನು ಒಪ್ಪದೆ ಚಾರ್ಜ್ ಆಗದೆ ಕುಳಿತುಬಿಡುತ್ತದೆ. ಬ್ಯಾಟರಿ ಇರುವ ಮನೆಯವರು ಇದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಬೇಕು. ಒಪ್ಪುವುದಾದರೆ ಅದಕ್ಕಿಂತ ಒಳ್ಳೆಯ ಜೋಡಿ ಇಲ್ಲ: ಸಂಜೆ ಮೂರು ಗಂಟೆ ಜನರೇಟರ್ ಓಡಿಸಿ ನೀರು ಏರಿಸುವುದು, ಫ್ರಿಜ್ಜು ತಣ್ಣಗೆ ಮಾಡುವುದು, ಬ್ಯಾಟರಿ ತುಂಬಿಸುವುದು. ರಾತ್ರಿ ಬ್ಯಾಟರಿಯಲ್ಲಿ ಸದ್ದಿಲ್ಲದೆ ಮಲಗುವುದು.

2023ರ ಜುಲೈ 1ರಿಂದ ಜನರೇಟರುಗಳ ಹೊಗೆಗೆ ಹೊಸ ಬಿಗಿ ಮಾನದಂಡ ಜಾರಿಯಲ್ಲಿದೆ. ಅಗ್ಗಕ್ಕೆ ಸಿಗುವ ಹೆಸರಿಲ್ಲದ ಯಂತ್ರಗಳು ಇದಕ್ಕೆ ಹೊಂದುತ್ತವೆಯೇ, ಬಿಡಿಭಾಗ ಮುಂದಿನ ವರ್ಷ ಸಿಗುತ್ತದೆಯೇ ಎಂದು ನೋಡಿಕೊಳ್ಳಬೇಕು.

ಜೋಡಣೆ: ಜೀವದ ಪ್ರಶ್ನೆ

ಹಳ್ಳಿಗಳಲ್ಲಿ ಕಾಣಸಿಗುವ ಒಂದು ಅಪಾಯದ ಅಭ್ಯಾಸವಿದೆ. ವಯರಿನ ಎರಡು ತುದಿಗೂ ಪಿನ್ನಿನ ಪ್ಲಗ್ ಹಾಕಿ, ಒಂದನ್ನು ಜನರೇಟರಿಗೆ, ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚುವುದು. ಮನೆಯೆಲ್ಲ ಬೆಳಗುತ್ತದೆ. ಆದರೆ ಆ ಕರೆಂಟು ಮನೆಯಲ್ಲಿ ನಿಲ್ಲುವುದಿಲ್ಲ. ಮೀಟರ್ ದಾಟಿ ಹೊರಗಿನ ಕಂಬಕ್ಕೆ, ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹಿಮ್ಮುಖವಾಗಿಯೂ ಕೆಲಸಮಾಡುತ್ತದೆ. ಮನೆಯ 230 ವೋಲ್ಟ್ ಆಚೆ ಬದಿಯಲ್ಲಿ 11 ಸಾವಿರ ವೋಲ್ಟ್ ಆಗಿ ಏಳಬಲ್ಲದು. ಅದೇ ಹೊತ್ತಿಗೆ ಮಳೆಯಲ್ಲಿ ನೆನೆಯುತ್ತಾ ಕಂಬದ ಮೇಲೆ ಕೆಎಸ್‌ಇಬಿಯ ಲೈನ್‌ಮ್ಯಾನ್ ಇರುತ್ತಾನೆ. ಲೈನ್ ಆಫ್ ಆಗಿದೆಯೆಂದು ಅವನ ನಂಬಿಕೆ.

ಸಣ್ಣ ಯಂತ್ರ, ನೆರೆಮನೆಗಳ ಲೋಡು ಬಿದ್ದೊಡನೆ ತಾನೇ ನಿಂತುಹೋಗುತ್ತದೆ ಎಂದು ವಾದಿಸುವವರಿದ್ದಾರೆ. ತಂತಿ ಮನೆಯ ಹತ್ತಿರವೇ ಕಡಿದಿದ್ದರೆ ಆ ಕಡೆ ಲೋಡೇ ಇರುವುದಿಲ್ಲ. ಯಂತ್ರ ನಿಲ್ಲುವುದೂ ಇಲ್ಲ, ತುಂಡು ತಂತಿ ಜೀವಂತವಾಗಿಯೇ ಇರುತ್ತದೆ. ಅದನ್ನು ಮೊದಲು ಮುಟ್ಟುವುದು ಲೈನ್‌ಮ್ಯಾನ್ ಆಗಿರಬೇಕೆಂದೂ ಇಲ್ಲ, ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದವರೂ ಆಗಬಹುದು. ಮೈನ್ ಸ್ವಿಚ್ ಆಫ್ ಮಾಡಿಯೇ ಹಾಕುತ್ತೇವೆ ಎನ್ನುವವರೂ ಇದ್ದಾರೆ. ಕತ್ತಲೆ, ಮಳೆ, ಗಡಿಬಿಡಿಯಲ್ಲಿ ಒಂದು ದಿನ ಮರೆತರೆ?

ಸರಿಯಾದ ದಾರಿ ಚೇಂಜ್ ಓವರ್ ಸ್ವಿಚ್. ಒಂದು ಕಡೆ ಲೈನು, ಇನ್ನೊಂದು ಕಡೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಸೇರುವುದು ಅದರ ರಚನೆಯಲ್ಲೇ ಅಸಾಧ್ಯ. ಫೇಸ್ ಮಾತ್ರವಲ್ಲ, ನ್ಯೂಟ್ರಲ್ ಕೂಡ ಬದಲಾಗುವ ಡಬಲ್ ಪೋಲ್ ಸ್ವಿಚ್ಚೇ ಬೇಕು. ಇದನ್ನು ಲೈಸೆನ್ಸ್ ಇರುವ ವಯರ್‌ಮ್ಯಾನ್‌ನಿಂದಲೇ ಮಾಡಿಸಿ, ಸೆಕ್ಷನ್ ಕಚೇರಿಗೂ ತಿಳಿಸಬೇಕು. ಸ್ವಿಚ್ಚಿನ ಲೈನ್ ಬದಿಯಲ್ಲಿ ಒಂದು ಸಣ್ಣ ಸೂಚಕ ದೀಪ ಹಾಕಿಸಿಕೊಂಡರೆ ಕರೆಂಟು ಬಂದದ್ದು ತಿಳಿಯುತ್ತದೆ.

ವಯರ್‌ಮ್ಯಾನ್‌ನಲ್ಲಿ ಇನ್ನೊಂದು ಮಾತು ಕೇಳಬೇಕು. ಸಣ್ಣ ಜನರೇಟರುಗಳಲ್ಲಿ ಬಹಳಷ್ಟರ ನ್ಯೂಟ್ರಲ್ ಅರ್ತಿಗೆ ಜೋಡಿಸಿರುವುದಿಲ್ಲ. ಹಾಗಿರುವಾಗ ಮನೆಯ ಇಎಲ್‌ಸಿಬಿ ಬೋರ್ಡಿನಲ್ಲಿ ಇದ್ದರೂ ಶಾಕ್ ಹೊಡೆದಾಗ ಟ್ರಿಪ್ ಆಗದು. ನ್ಯೂಟ್ರಲ್ ಮತ್ತು ಅರ್ತ್ ಜೋಡಣೆ ಹೇಗಿರಬೇಕೆಂದು ಯಂತ್ರದ ಕೈಪಿಡಿ ನೋಡಿ ಅವರೇ ತೀರ್ಮಾನಿಸಬೇಕು. ಇಷ್ಟೆಲ್ಲ ಬೇಡ ಎನ್ನುವವರಿಗೆ ಸರಳ ದಾರಿ: ಮನೆಯ ವಯರಿಂಗನ್ನು ಮುಟ್ಟದೆ, ಒಳ್ಳೆಯ ದಪ್ಪದ ಮೂರು ಎಳೆಯ ಎಕ್ಸ್‌ಟೆನ್ಶನ್ ವಯರಿನಲ್ಲಿ ಫ್ರಿಜ್ಜನ್ನೋ ಚಾರ್ಜರನ್ನೋ ನೇರ ಜನರೇಟರಿಗೆ ಜೋಡಿಸುವುದು.

ಮನೆಯ ಮೇಲೆ ಸೋಲಾರ್ ಇರುವವರು ಎಚ್ಚರವಹಿಸಬೇಕು. 2024ರಲ್ಲಿ ಸೂರ್ಯಘರ್ ಯೋಜನೆ ಬಂದ ಮೇಲೆ ಅಂತಹ ಮನೆಗಳು ಹೆಚ್ಚಿವೆ. ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್ ಲೈನು ಹೋದೊಡನೆ ನಿಲ್ಲುತ್ತದೆ, ಲೈನ್‌ಮ್ಯಾನ್ ಸುರಕ್ಷತೆಗಾಗಿಯೇ ಹಾಗೆ ಮಾಡಿದ್ದಾರೆ. ಜನರೇಟರಿನ ಕರೆಂಟು ಅದಕ್ಕೆ ತಲುಪಿದರೆ ಲೈನು ಬಂತೆಂದು ತಿಳಿದು ಜನರೇಟರಿನ ಮೇಲೆಯೇ ಕರೆಂಟು ದೂಡೀತು. ಆದ್ದರಿಂದ ಸೋಲಾರನ್ನು ಚೇಂಜ್ ಓವರಿನ ಲೈನ್ ಬದಿಗೇ ಬಿಡಬೇಕು.

ಎಲ್ಲಿ ಇಡುವುದು?

ಮಳೆಯೆಂದು ಜಗಲಿಯಲ್ಲಿ, ಕಾರು ಶೆಡ್ಡಿನಲ್ಲಿ, ಹಿಂದಿನ ಕೋಣೆಯಲ್ಲಿ ಇಡುವವರಿದ್ದಾರೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬರುವಂತಾಗುವುದು, ಆಮೇಲೆ ಎಚ್ಚರ ತಪ್ಪುವುದು. ಮಲಗಿದವರಿಗೆ ಅದೂ ತಿಳಿಯದು. ಕಿಟಕಿ ತೆರೆದಿಟ್ಟರೆ ಸಾಕು ಎಂಬುದು ತಪ್ಪು. ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆಕೊಳವೆ ಮನೆಗೂ ಕೊಟ್ಟಿಗೆಗೂ ಬೆನ್ನು ಹಾಕಿರುವಂತೆ, ನಾಲ್ಕೂ ಬದಿ ತೆರೆದ ಸಣ್ಣ ಶೀಟಿನ ಮಾಡಿನ ಕೆಳಗೆ, ಎತ್ತರದ ಕಲ್ಲಿನ ಮೇಲೆ ಇಡುವುದು ಕ್ರಮ. ಒದ್ದೆ ಕೈಯಲ್ಲಿ ಮುಟ್ಟಬಾರದು.

2 ಕೆವಿಎ ಯಂತ್ರ ಪೂರ್ಣ ಲೋಡಿನಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಕೇರಳದಲ್ಲಿ ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಯೂನಿಟ್ಟಿಗೆ ಎಷ್ಟು ಬೀಳುತ್ತದೆಂದು ಯಾರೂ ಊಹಿಸಬಹುದು. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಇಡಬಹುದಾದ ಪೆಟ್ರೋಲ್ 30 ಲೀಟರ್ ಮಾತ್ರ. ಅದೂ ಭದ್ರ ಮುಚ್ಚಳದ ಲೋಹದ ಕ್ಯಾನಿನಲ್ಲಿ, ಅಡುಗೆಮನೆಯಿಂದ ದೂರ. ಬಿಸಿ ಯಂತ್ರಕ್ಕೆ ಪೆಟ್ರೋಲ್ ಸುರಿಯಬಾರದು, ನಿಲ್ಲಿಸಿ ಹದಿನೈದು ನಿಮಿಷ ಕಾಯಬೇಕು.

ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇರುವುದರಿಂದ ಅದು ತೇವ ಹೀರಿಕೊಳ್ಳುತ್ತದೆ. ಕಳೆದ ಮಳೆಗಾಲದ್ದನ್ನು ಟ್ಯಾಂಕಿನಲ್ಲೇ ಬಿಟ್ಟರೆ ಈ ಮಳೆಗಾಲಕ್ಕೆ ಕಾರ್ಬುರೇಟರ್ ಕಟ್ಟಿಕೊಂಡಿರುತ್ತದೆ, ಹಗ್ಗ ಎಳೆದು ಎಳೆದು ತೋಳು ನೋಯುವುದೇ ಬಂತು. ಮಳೆಗಾಲ ಮುಗಿದ ಮೇಲೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿ ಇಡಬೇಕು. ಮೇ ಕೊನೆಗೆ ಹೊಸ ಪೆಟ್ರೋಲ್ ಹಾಕಿ, ಎಂಜಿನ್ ಆಯಿಲ್ ನೋಡಿ, ಹತ್ತು ನಿಮಿಷ ಲೋಡಿನಲ್ಲಿ ಓಡಿಸಿ ಪರೀಕ್ಷಿಸಬೇಕು.

ಲೈನು ಬಂದ ಮೇಲೆ ಮೊದಲು ಚೇಂಜ್ ಓವರನ್ನು ಆಫ್‌ಗೆ ತಂದು, ಜನರೇಟರನ್ನು ಲೋಡಿಲ್ಲದೆ ಎರಡು ನಿಮಿಷ ಓಡಿಸಿ ನಿಲ್ಲಿಸಬೇಕು. ಸೂಚಕ ದೀಪ ಅಲುಗದೆ ಐದಾರು ನಿಮಿಷ ಉರಿದದ್ದನ್ನು ನೋಡಿಯೇ ಸ್ವಿಚ್ಚನ್ನು ಲೈನಿನ ಕಡೆಗೆ ತಿರುಗಿಸಬೇಕು. ಮಳೆಗಾಲದಲ್ಲಿ ಬಂದ ಕರೆಂಟು ಮತ್ತೆ ಹೋಗುವುದೇ ಹೆಚ್ಚು.