ಜೋ ಬೈಡನ್ ಅವರ ಭಾಷಣಗಳಲ್ಲಿ ಮನೆಯ ಹಿರಿಯರ ನುಡಿಗಳು

ಅಮೆರಿಕ ಸಂಯುಕ್ತ ಸಂಸ್ಥಾನದ 46ನೆಯ ಅಧ್ಯಕ್ಷರಾಗಿದ್ದ ಜೋ ಬೈಡನ್ (ಜನನ: 20 ನವೆಂಬರ್ 1942) ತಮ್ಮ ತಂದೆ, ತಾಯಿ, ಅಜ್ಜ ಮತ್ತು ಅಜ್ಜಿ ಆಡಿದವೆಂದು ಹೇಳುವ ಮಾತುಗಳನ್ನು ಚುನಾವಣಾ ಭಾಷಣಗಳಲ್ಲಿ ಪದೇ ಪದೇ ಬಳಸಿದ್ದಾರೆ. ‘ನಮ್ಮ ತಂದೆ ಹೇಳುತ್ತಿದ್ದರು’ ಎಂಬ ಪೀಠಿಕೆ, ಅದರ ಬೆನ್ನಿಗೆ ‘ಜೋಯಿ’ ಎಂಬ ಬಾಲ್ಯದ ಸಂಬೋಧನೆ, ಕೊನೆಗೆ ಒಂದೆರಡು ವಾಕ್ಯಗಳ ಬುದ್ಧಿಮಾತು ಎಂಬುದು ಇವುಗಳ ಸಾಮಾನ್ಯ ರೂಪ. ಈ ನುಡಿಗಳು ಅವರನ್ನು ಶ್ರಮಿಕ ವರ್ಗದ ಮನೆಯಿಂದ ಬಂದ ನಾಯಕನೆಂದು ಮತದಾರರಿಗೆ ಪರಿಚಯಿಸಿದವು. ಆದರೆ ಅವರ ಮೊದಲ ಅಧ್ಯಕ್ಷೀಯ ಪ್ರಯತ್ನ ಮುರಿದುಬಿದ್ದದ್ದೂ ಮನೆತನದ ಕಥೆಯೊಂದರ ಕಾರಣದಿಂದಲೇ.

ಹಿನ್ನೆಲೆ

ಬೈಡನ್ ಜನಿಸಿದ್ದು ಪೆನ್ಸಿಲ್ವೇನಿಯಾ ರಾಜ್ಯದ ಸ್ಕ್ರ್ಯಾಂಟನ್ ನಗರದಲ್ಲಿ. ಒಂದು ಕಾಲದಲ್ಲಿ ಕಲ್ಲಿದ್ದಲಿನಿಂದ ಸಂಪನ್ನವಾಗಿದ್ದ ಈ ನಗರ ಅವರ ಬಾಲ್ಯದ ಹೊತ್ತಿಗೆ ಇಳಿಮುಖವಾಗಿತ್ತು. ತಂದೆ ಜೋಸೆಫ್ ಬೈಡನ್ ಸೀನಿಯರ್ (1915–2002) ಯೌವನದಲ್ಲಿ ಅನುಕೂಲ ಸ್ಥಿತಿಯನ್ನು ಕಂಡು, ಬಳಿಕ ಅದನ್ನು ಕಳೆದುಕೊಂಡವರು. ಕುಟುಂಬವು 1953ರಲ್ಲಿ ಡೆಲವೇರ್ ರಾಜ್ಯಕ್ಕೆ ವಲಸೆ ಹೋಯಿತು. ಅಲ್ಲಿ ಅವರು ಬಾಯ್ಲರ್ ಶುಚಿಗೊಳಿಸುವ ಕೆಲಸ ಮಾಡಿ, ಮುಂದೆ ಕಾರು ಮಾರಾಟದ ವೃತ್ತಿಯಲ್ಲಿ ನೆಲೆನಿಂತರು. ತಾಯಿ ಕ್ಯಾಥರೀನ್ ಯೂಜೀನಿಯಾ ಫಿನೆಗನ್ (1917–2010) ಐರಿಷ್ ಮೂಲದ ಕ್ಯಾಥೊಲಿಕ್ ಮನೆತನದವರು. ಭಾಷಣಗಳಲ್ಲಿ ಬರುವ ‘ಅಜ್ಜ ಫಿನೆಗನ್’ ಇವರ ತಂದೆ.

ಹುಟ್ಟಿನ ಸರಳತೆಯನ್ನು ಮತವನ್ನಾಗಿ ಪರಿವರ್ತಿಸುವ ಪದ್ಧತಿ ಅಮೆರಿಕದಲ್ಲಿ ಹಳೆಯದು. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಅವರನ್ನು ಮರದ ದಿಮ್ಮಿಯ ಗುಡಿಸಲಿನ ಮನುಷ್ಯನೆಂದು ಬಿಂಬಿಸಿ ಗೆಲ್ಲಿಸಲಾಯಿತು. ವಾಸ್ತವದಲ್ಲಿ ಅವರು ವರ್ಜೀನಿಯಾದ ಶ್ರೀಮಂತ ಜಮೀನುದಾರರ ಮಗ. ಬೈಡನ್ ಈ ಪರಂಪರೆಯ ಉತ್ತರಾಧಿಕಾರಿ. ಆದರೆ ಅವರು ತೋರಿಸಿದ್ದು ಗುಡಿಸಲನ್ನಲ್ಲ, ಮನೆಯೊಳಗಿನ ಮಾತನ್ನು.

ಪ್ರಮುಖ ನುಡಿಗಳು

ಇವುಗಳಲ್ಲಿ ಹೆಚ್ಚು ತೂಕದ್ದು ದುಡಿಮೆಯನ್ನು ಕುರಿತ ತಂದೆಯ ಮಾತು. ಉದ್ಯೋಗವೆಂದರೆ ಕೇವಲ ಸಂಬಳವಲ್ಲ, ಅದು ಮನುಷ್ಯನ ಘನತೆ, ಗೌರವ ಮತ್ತು ಸಮುದಾಯದಲ್ಲಿ ಅವನಿಗಿರುವ ಸ್ಥಾನ. ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ‘ಎಲ್ಲ ಸರಿಹೋಗುತ್ತದೆ’ ಎಂದು ಹೇಳಬಲ್ಲ ಧೈರ್ಯ ಎಂಬುದು ಇದರ ಸಾರ. 2012ರ ಸೆಪ್ಟೆಂಬರ್‌ನಲ್ಲಿ ಷಾರ್ಲಟ್ ನಗರದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಬೈಡನ್ ಇದನ್ನು ಒಂದು ಘಟನೆಯೊಂದಿಗೆ ಹೆಣೆದರು. ಕೆಲಸ ಹುಡುಕಿಕೊಂಡು ಊರು ಬಿಡಬೇಕಾದ ತಂದೆ ಮೆಟ್ಟಿಲೇರಿ ಬಂದು, ಮಗನ ಹಾಸಿಗೆಯ ಅಂಚಿನಲ್ಲಿ ಕುಳಿತು, ಕೆಲವು ಕಾಲ ದೂರವಿರಬೇಕಾಗುತ್ತದೆ ಎಂದು ತಿಳಿಸಿದ ಪ್ರಸಂಗವದು. ಅದೇ ಭಾಷಣದಲ್ಲಿ ಮುಳುಗುತ್ತಿದ್ದ ಮೋಟಾರು ಉದ್ಯಮಕ್ಕೆ ಸರ್ಕಾರ ನೀಡಿದ ನೆರವನ್ನು ಅವರು ಸಮರ್ಥಿಸಿಕೊಂಡರು. ಸಾಲ, ಷೇರು, ದಿವಾಳಿತನಗಳ ಶುಷ್ಕ ವಿಷಯವು ಕಾರು ಮಾರುತ್ತಿದ್ದ ತಂದೆಯ ಮಾತಿನ ಮೂಲಕ ಕೇಳುಗರ ಮನೆಯ ವಿಷಯವಾಯಿತು. ಬೈಡನ್ ಭಾಷಣಗಳಲ್ಲಿ ಹಿರಿಯರ ನುಡಿ ಕೆಲಸ ಮಾಡುವ ಬಗೆಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು.

ಬಿದ್ದಾಗ ಮೇಲೇಳಬೇಕೆಂಬುದು ತಂದೆಯ ಇನ್ನೊಂದು ಮಾತು. 2008ರ ಆಗಸ್ಟ್ 27ರಂದು ಡೆನ್ವರ್‌ನಲ್ಲಿ ಉಪಾಧ್ಯಕ್ಷ ಸ್ಥಾನದ ಉಮೇದುವಾರಿಕೆಯನ್ನು ಸ್ವೀಕರಿಸುವಾಗ ಬೈಡನ್ ಇದನ್ನು ಉಲ್ಲೇಖಿಸಿದರು. ತಾಯಿ ಅಂದು ಸಭೆಯಲ್ಲೇ ಇದ್ದರು. ಯಾರೂ ನಿನಗಿಂತ ಮೇಲಲ್ಲ, ನೀನೂ ಎಲ್ಲರಿಗೆ ಸಮಾನ ಎಂಬ ಅವರ ಬೋಧನೆಯೂ ಅದೇ ಭಾಷಣದಲ್ಲಿ ಬಂದಿತು. ಬಾಲ್ಯದಲ್ಲಿ ಬೈಡನ್ ಉಗ್ಗುತ್ತಿದ್ದರು. ನಿನ್ನ ಬುದ್ಧಿ ಬಲು ಚುರುಕು, ಮಾತು ಅದರ ಹಿಂದೆ ಓಡಲಾರದೆ ತಡವರಿಸುತ್ತದೆ ಎಂದು ತಾಯಿ ಸಮಾಧಾನಪಡಿಸುತ್ತಿದ್ದರಂತೆ.

ಸಲಿಂಗ ದಂಪತಿಗಳ ಹಕ್ಕಿನ ವಿಷಯದಲ್ಲಿಯೂ ಅವರು ತಂದೆಯನ್ನೇ ಸಾಕ್ಷಿಗೆ ಕರೆದರು. ವಿಲ್ಮಿಂಗ್ಟನ್ ನಗರದಲ್ಲಿ ಇಬ್ಬರು ಪುರುಷರು ಪರಸ್ಪರ ಚುಂಬಿಸುವುದನ್ನು ಕಂಡು ಅಚ್ಚರಿಗೊಂಡ ಮಗನಿಗೆ ತಂದೆ, ಇದು ಸರಳ, ಅವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ ಎಂದರೆಂಬ ಕಥೆಯನ್ನು ಬೈಡನ್ ಹಲವು ಬಾರಿ ಹೇಳಿದ್ದಾರೆ. ಮೌಲ್ಯಗಳ ಬಗ್ಗೆ ಉಪದೇಶ ಬೇಡ, ನಿನ್ನ ಆಯವ್ಯಯ ಪಟ್ಟಿಯನ್ನು ತೋರಿಸು, ನಿನ್ನ ಮೌಲ್ಯಗಳೇನೆಂದು ನಾನೇ ಹೇಳುತ್ತೇನೆ ಎಂಬುದು ತೆರಿಗೆ ಮತ್ತು ವೆಚ್ಚದ ಚರ್ಚೆಗಳಿಗೆ ಮೀಸಲಾಗಿತ್ತು. ಅಜ್ಜ ‘ನಂಬಿಕೆಯನ್ನು ಉಳಿಸಿಕೊ’ ಎಂದರೆ ಅಜ್ಜಿ ‘ಅಲ್ಲ, ಅದನ್ನು ಹರಡು’ ಎಂದು ಕೂಗಿ ಹೇಳುತ್ತಿದ್ದರೆಂಬ ಜೋಡಿನುಡಿಯಿಂದ 2020ರ ನವೆಂಬರ್ 7ರ ವಿಜಯಭಾಷಣ ಕೊನೆಯತ್ತ ಸಾಗಿತು. ಯಾರ ಹೆಸರಿಗೂ ಸೇರದಿದ್ದರೂ ಇದೇ ವಾತಾವರಣದ ಪದ ‘ಮಲಾರ್ಕಿ’, ಅಂದರೆ ಬೊಗಳೆ ಮಾತು. 2019ರ ಕೊನೆಯಲ್ಲಿ ಅಯೋವಾ ರಾಜ್ಯದಲ್ಲಿ ಸಂಚರಿಸಿದ ಅವರ ಪ್ರಚಾರದ ಬಸ್ಸಿನ ಮೇಲೆಯೇ ‘ನೋ ಮಲಾರ್ಕಿ’ ಎಂದು ಬರೆಯಲಾಗಿತ್ತು.

ಸ್ವರೂಪ

ಗಾದೆಗೆ ಒಡೆಯರಿಲ್ಲ, ಅದು ಎಲ್ಲರ ಸ್ವತ್ತು. ಮನೆಯ ಹಿರಿಯರ ನುಡಿಗೆ ಒಬ್ಬ ಆಡಿದವರೂ ಒಬ್ಬ ಕೇಳಿದವರೂ ಇರುತ್ತಾರೆ. ಭಾಷಣಕಾರನು ಅಧಿಕಾರವಾಣಿಯನ್ನು ತೊರೆದು ಬುದ್ಧಿ ಹೇಳಿಸಿಕೊಳ್ಳುವ ಹುಡುಗನ ಸ್ಥಾನಕ್ಕೆ ಇಳಿಯುತ್ತಾನೆ. ಆತನ ನಿಲುವನ್ನು ವಿರೋಧಿಸುವುದು ಸುಲಭ, ತೀರಿಹೋದ ತಂದೆಯ ಮಾತನ್ನು ಅಲ್ಲಗಳೆಯುವುದು ಕಷ್ಟ. ಇನ್ನೊಂದು ಅನುಕೂಲವೂ ಉಂಟು: ಆ ಮಾತು ನಿಜವಾಗಿಯೂ ಆಡಲ್ಪಟ್ಟಿತೇ ಎಂಬುದಕ್ಕೆ ಬಹಳ ವೇಳೆ ಭಾಷಣಕಾರನೊಬ್ಬನೇ ಸಾಕ್ಷಿ. ಮತದಾರರು ತಮ್ಮನ್ನು ದೇವರೊಂದಿಗೆ ಹೋಲಿಸದೆ ಎದುರಾಳಿಯೊಂದಿಗೆ ಹೋಲಿಸಲಿ ಎಂಬ ಅರ್ಥದ ಮಾತನ್ನು ಬೈಡನ್ ತಂದೆಯದೆಂದು ಹೇಳಿದ್ದಾರೆ. ಬಾಸ್ಟನ್ ನಗರದ ಮಾಜಿ ಮೇಯರ್ ಕೆವಿನ್ ವೈಟ್ ಅವರ ಹೆಸರಿನಲ್ಲಿಯೂ ಇದೇ ಮಾತು ಪ್ರಚಲಿತವಾಗಿದೆ.

1987ರ ವಿವಾದ

ಬ್ರಿಟನ್ನಿನ ಲೇಬರ್ ಪಕ್ಷದ ನಾಯಕ ನೀಲ್ ಕಿನ್ನಕ್ 1987ರ ಮೇ ತಿಂಗಳಲ್ಲಿ ವೇಲ್ಸ್‌ನಲ್ಲಿ ಮಾಡಿದ ಭಾಷಣದಲ್ಲಿ, ತಮ್ಮ ಮನೆತನದ ಸಾವಿರ ತಲೆಮಾರುಗಳಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲೇರಿದ ಮೊದಲಿಗರು ತಾವೇ ಏಕೆ ಎಂದು ಕೇಳಿ, ಗಣಿಯಲ್ಲಿ ದುಡಿದ ಪೂರ್ವಿಕರನ್ನು ಸ್ಮರಿಸಿದ್ದರು. ಬೈಡನ್ ಆರಂಭದಲ್ಲಿ ಕಿನ್ನಕ್ ಅವರ ಹೆಸರು ಹೇಳಿಯೇ ಇದನ್ನು ಬಳಸುತ್ತಿದ್ದರು. ಆದರೆ ಆಗಸ್ಟ್ 23ರಂದು ಅಯೋವಾದಲ್ಲಿ ನಡೆದ ಚರ್ಚೆಯಲ್ಲಿ ಹೆಸರು ಬಿಟ್ಟುಹೋಯಿತು. ಕಿನ್ನಕ್ ಮನೆತನದ ಕಥೆ ಬೈಡನ್ ಮನೆತನದ ಕಥೆಯಾಗಿ ಕೇಳಿಸಿತು. ಗಣಿಯಿಂದ ಮೇಲೆ ಬಂದು ಫುಟ್‌ಬಾಲ್ ಆಡುತ್ತಿದ್ದ ಪೂರ್ವಿಕರು ಈಗ ಪೆನ್ಸಿಲ್ವೇನಿಯಾದವರಾಗಿದ್ದರು.

ಸೆಪ್ಟೆಂಬರ್ 12ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಮೌರೀನ್ ಡೌಡ್ ಎರಡೂ ಭಾಷಣಗಳ ಸಾಮ್ಯವನ್ನು ಬಯಲುಮಾಡಿದರು. ಬೈಡನ್ ಪೂರ್ವಿಕರಲ್ಲಿ ಗಣಿ ಕಾರ್ಮಿಕರಿರಲಿಲ್ಲ, ಮುತ್ತಜ್ಜರೊಬ್ಬರು ಗಣಿ ಎಂಜಿನಿಯರ್ ಆಗಿದ್ದರು. ತಾಯಿಯ ಕಡೆಯ ಬಂಧುಗಳಲ್ಲಿ ಕಾಲೇಜು ಓದಿದವರೂ ಇದ್ದರು. ಕಾನೂನು ಕಾಲೇಜಿನಲ್ಲಿ ಆಕರ ಸೂಚಿಸದೆ ಬರೆದ ಹಳೆಯ ಪ್ರಬಂಧವೊಂದರ ಸಂಗತಿಯೂ ಹೊರಬಂದು, ಸೆಪ್ಟೆಂಬರ್ 23ರಂದು ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಭಾಷಣಗಳ ವಿಡಿಯೊವನ್ನು ಪತ್ರಿಕೆಗಳಿಗೆ ಒದಗಿಸಿದ್ದ ಜಾನ್ ಸಾಸ್ಸೊ ಪ್ರತಿಸ್ಪರ್ಧಿ ಮೈಕೆಲ್ ಡುಕಾಕಿಸ್ ಅವರ ಪ್ರಚಾರದ ವ್ಯವಸ್ಥಾಪಕರಾಗಿದ್ದರು. ಅವರೂ ಹುದ್ದೆ ಬಿಡಬೇಕಾಯಿತು. ಅಧ್ಯಕ್ಷ ರೇಗನ್ ಅವರಿಂದ ಸುಪ್ರೀಂ ಕೋರ್ಟಿಗೆ ನಾಮನಿರ್ದೇಶನಗೊಂಡಿದ್ದ ರಾಬರ್ಟ್ ಬೋರ್ಕ್ ಅವರ ವಿಚಾರಣೆಯನ್ನು ನಡೆಸುತ್ತಿದ್ದ ಸೆನೆಟ್ ಸಮಿತಿಗೆ ಆಗ ಬೈಡನ್ ಅವರೇ ಅಧ್ಯಕ್ಷರು ಎಂಬುದು ಅವರ ಸಂಕಟವನ್ನು ಇಮ್ಮಡಿಗೊಳಿಸಿತ್ತು.

2024ರ ಚುನಾವಣೆ

ಏಪ್ರಿಲ್ 17ರಂದು ಸ್ಕ್ರ್ಯಾಂಟನ್‌ನ ಯುದ್ಧಸ್ಮಾರಕಕ್ಕೆ ಭೇಟಿ ನೀಡಿದ ಬೈಡನ್, ಎರಡನೆಯ ಮಹಾಯುದ್ಧದಲ್ಲಿ ಮಡಿದ ಸೋದರಮಾವ ಆಂಬ್ರೋಸ್ ಫಿನೆಗನ್ ಅವರ ದೇಹ ಸಿಗಲಿಲ್ಲವೆಂದು ಹೇಳಿ, ನ್ಯೂಗಿನಿಯ ಆ ಭಾಗದಲ್ಲಿ ನರಭಕ್ಷಕರಿದ್ದರೆಂದು ಸೂಚಿಸಿದರು. ಸೇನೆಯ ದಾಖಲೆಗಳ ಪ್ರಕಾರ, 1944ರ ಮೇ 14ರಂದು ಎಂಜಿನ್ ವಿಫಲಗೊಂಡು ವಿಮಾನವು ಸಮುದ್ರಕ್ಕೆ ಬಿದ್ದಿತ್ತು. ಪಪುವಾ ನ್ಯೂಗಿನಿಯ ಪ್ರಧಾನಿ ಜೇಮ್ಸ್ ಮರಾಪೆ ತಮ್ಮ ದೇಶಕ್ಕೆ ಇಂಥ ಹಣೆಪಟ್ಟಿ ಸಲ್ಲದೆಂದು ಆಕ್ಷೇಪಿಸಿದರು.

ಜೂನ್ 27ರಂದು ಡೊನಾಲ್ಡ್ ಟ್ರಂಪ್ ಅವರೊಂದಿಗೆ ನಡೆದ ಚರ್ಚೆಯಲ್ಲಿ ಬೈಡನ್ ತೀವ್ರವಾಗಿ ಮುಗ್ಗರಿಸಿದರು. ಮರುದಿನ ರಾಲಿ ನಗರದ ಸಭೆಯಲ್ಲಿ ಅವರು ಆಶ್ರಯಿಸಿದ್ದು ತಂದೆಯ ಹಳೆಯ ಮಾತನ್ನೇ: ಬಿದ್ದರೆ ಮತ್ತೆ ಎದ್ದು ನಿಲ್ಲಬೇಕು. ಜುಲೈ 21ರಂದು ಅವರು ಉಮೇದುವಾರಿಕೆಯನ್ನು ಕೈಬಿಟ್ಟರು.

ಅವರ ಸ್ಥಾನದಲ್ಲಿ ಸ್ಪರ್ಧಿಸಿದ ಕಮಲಾ ಹ್ಯಾರಿಸ್ ಕೂಡ ಇದೇ ರೂಢಿಯವರು. ಅವರ ಉಲ್ಲೇಖಗಳು ತಾಯಿ, ಮದ್ರಾಸು ಮೂಲದ ಕ್ಯಾನ್ಸರ್ ಸಂಶೋಧಕಿ ಶ್ಯಾಮಲಾ ಗೋಪಾಲನ್ ಅವರವು. ಇಂದಿನ ಮಕ್ಕಳು ತಾವು ತೆಂಗಿನ ಮರದಿಂದ ಉದುರಿ ಬಿದ್ದವರೆಂದು ಭಾವಿಸಿದ್ದಾರೆಯೇ ಎಂದು ತಾಯಿ ಗದರುತ್ತಿದ್ದುದನ್ನು ಹ್ಯಾರಿಸ್ 2023ರ ಮೇ 10ರಂದು ಶ್ವೇತಭವನದ ಸಮಾರಂಭವೊಂದರಲ್ಲಿ ನೆನೆದಿದ್ದರು. ಮೊದಲು ವಿರೋಧಿಗಳು ಇದನ್ನು ಗೇಲಿಗಾಗಿ ಹಂಚಿಕೊಂಡರು. 2024ರ ಜುಲೈನಲ್ಲಿ ಅವರ ಬೆಂಬಲಿಗರು ತೆಂಗಿನ ಮರದ ಚಿತ್ರವನ್ನೇ ಜಾಲತಾಣಗಳಲ್ಲಿ ತಮ್ಮ ಗುರುತಾಗಿಸಿಕೊಂಡರು.