ಹೈಸ್ಕೂಲಿನ ಬೆಂಚು, ಕಾಲೇಜಿನ ಕ್ರೆಡಿಟ್ಟು

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಮರುವರ್ಷವೇ ಹುಡುಗರು ಪಿಯು ಸೇರಿ ‘ಕಾಲೇಜಿಗೆ ಹೋಗ್ತಿದೀನಿ’ ಎಂದು ಎದೆಯುಬ್ಬಿಸುತ್ತಾರೆ. ಅಮೆರಿಕದ ಮಕ್ಕಳಿಗೆ ಆ ಭಾಗ್ಯವಿಲ್ಲ. ಹನ್ನೆರಡನೇ ಕ್ಲಾಸಿನ ತನಕ ಅವರದು ಹೈಸ್ಕೂಲೇ. 1950ರ ಸುಮಾರಿಗೆ ಅಲ್ಲಿ ಒಂದು ತಕರಾರು ಎದ್ದಿತು: ಒಳ್ಳೆಯ ಶಾಲೆಯಲ್ಲಿ ಓದಿದ ಹುಡುಗ ಕಾಲೇಜಿನ ಮೊದಲ ವರ್ಷ ಕಲಿತದ್ದನ್ನೇ ಮತ್ತೆ ಏಕೆ ಕೇಳಬೇಕು?

ತಕರಾರು ಎತ್ತಿದವರು ಬಡವರಲ್ಲ. ಫೋರ್ಡ್ ಫೌಂಡೇಶನ್ನಿನ ಹಣದಲ್ಲಿ ಆಂಡೋವರ್, ಎಕ್ಸೆಟರ್, ಲಾರೆನ್ಸ್‌ವಿಲ್ ಎಂಬ ಸಿರಿವಂತ ಖಾಸಗಿ ಶಾಲೆಗಳು ಹಾರ್ವರ್ಡ್, ಪ್ರಿನ್ಸ್‌ಟನ್, ಯೇಲ್‌ಗಳ ಜೊತೆ ಕೂತು 1952ರಲ್ಲಿ ಒಂದು ವರದಿ ತಂದವು. ಒಹಾಯೊದ ಕೆನ್ಯನ್ ಕಾಲೇಜಿನ ಅಧ್ಯಕ್ಷ ಗಾರ್ಡನ್ ಚಾಮರ್ಸ್ ಮುಂದಾಳತ್ವದಲ್ಲಿ ಎಂಐಟಿ ಸೇರಿ 12 ಕಾಲೇಜುಗಳು, ಹೈಸ್ಕೂಲಿನಲ್ಲೇ ಕಾಲೇಜಿನ ಪಾಠ ಕಲಿಸಿ ಪರೀಕ್ಷಿಸುವ ಪ್ರಯೋಗಕ್ಕಿಳಿದವು. 1955ರಲ್ಲಿ, ಕಾಲೇಜು ಪ್ರವೇಶ ಪರೀಕ್ಷೆಗಳ ಸಂಸ್ಥೆಯಾದ ಕಾಲೇಜ್ ಬೋರ್ಡ್ ಅದನ್ನು ವಹಿಸಿಕೊಂಡಿತು. 1956ರ ಮೇ ತಿಂಗಳ ಪರೀಕ್ಷೆಗೆ ಕೂತವರು 104 ಶಾಲೆಗಳ 1,229 ವಿದ್ಯಾರ್ಥಿಗಳು. ಇದೇ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಚುಟುಕಾಗಿ ಎಪಿ. ಅಂಕ 1ರಿಂದ 5ರವರೆಗೆ. ಒಳ್ಳೆಯ ಅಂಕ ಬಂದರೆ ಕಾಲೇಜು ಅದಕ್ಕೆ ಕ್ರೆಡಿಟ್ಟು, ಅಂದರೆ ಆ ಪಾಠ ಓದಿ ಮುಗಿಸಿದ ಲೆಕ್ಕ, ಕೊಡಬಹುದು. ಪಾಠ ಹೇಳಿದ ಮೇಷ್ಟ್ರ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹೊರಗಿನವರು ತಿದ್ದುವ ಒಂದು ದಿನದ ಉತ್ತರಪತ್ರಿಕೆಯೇ ಎಲ್ಲ.

ಅದೇ 1955ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಆಲ್ಬರ್ಟ್ ವಾ ಅಲ್ಲಿ ಪ್ರೊವೋಸ್ಟ್, ಅಂದರೆ ಶೈಕ್ಷಣಿಕ ಮುಖ್ಯಸ್ಥ. ಹೈಸ್ಕೂಲಿನ ಮೇಷ್ಟ್ರನ್ನೇ ಪರೀಕ್ಷಿಸಿ ಒಪ್ಪಿಕೊಂಡು, ಅವರ ಕೈಗೆ ವಿಶ್ವವಿದ್ಯಾಲಯದ ಪಾಠಪಟ್ಟಿ ಕೊಟ್ಟರು. ವರ್ಷವಿಡೀ ಅವರು ಕೊಟ್ಟ ಗ್ರೇಡೇ ವಿಶ್ವವಿದ್ಯಾಲಯದ ಅಂಕಪಟ್ಟಿಗೆ ಏರುತ್ತದೆ. ಸಿರಕ್ಯೂಸ್ ವಿಶ್ವವಿದ್ಯಾಲಯವೂ 1970ರ ದಶಕದ ಆರಂಭದಲ್ಲಿ ಇದೇ ಹಾದಿ ತುಳಿಯಿತು. ಕೊನೆಯ ವರ್ಷದ ಹುಡುಗರು ಬೇಸತ್ತು ತೂಕಡಿಸುತ್ತಿದ್ದಾರೆಂದು ಸುತ್ತಲಿನ ಶಾಲಾಧಿಕಾರಿಗಳು ಬಂದು ಗೋಳು ತೋಡಿಕೊಂಡದ್ದೇ ಅದಕ್ಕೆ ಕಾರಣ.

ಹೈಸ್ಕೂಲಿನಲ್ಲಿ ಕಲಿತದ್ದನ್ನು ನಂಬಬಹುದೇ ಎಂಬ ಪ್ರಶ್ನೆ ನಿಜವಾಗಿ ಕುದಿದದ್ದು 1982ರಲ್ಲಿ, ಪೂರ್ವ ಲಾಸ್ ಏಂಜಲೀಸ್‌ನ ಗಾರ್‌ಫೀಲ್ಡ್ ಹೈಸ್ಕೂಲಿನಲ್ಲಿ. ಅಲ್ಲಿದ್ದವರು ಬಹುಪಾಲು ಮೆಕ್ಸಿಕನ್ ಮೂಲದ ಕೂಲಿಕಾರರ ಮಕ್ಕಳು. ಬೊಲಿವಿಯಾದಿಂದ ಬಂದ ಹೈಮೆ ಎಸ್ಕಲಾಂಟೆ ಎಂಬ ಗಣಿತದ ಮೇಷ್ಟ್ರು ಶಾಲೆಯ ಗಂಟೆಗೆ ಮುಂಚೆ, ಬಿಟ್ಟ ಮೇಲೆ, ಶನಿವಾರಗಳಲ್ಲೂ ಕೂರಿಸಿಕೊಂಡು ಅವರಿಗೆ ಕಲನಶಾಸ್ತ್ರ ತಿದ್ದಿಸಿದರು. 18 ಮಂದಿ ಎಪಿ ಬರೆದರು, ಎಲ್ಲರೂ ಪಾಸು. ಪರೀಕ್ಷೆ ನಡೆಸುವ ಸಂಸ್ಥೆಗೆ ಗುಮಾನಿ ಬಂತು. ಉತ್ತರಗಳಲ್ಲಿ ಒಂದೇ ಬಗೆಯ ತಪ್ಪುಗಳಿದ್ದವು, ಹಾಗಾಗಿ 14 ಮಂದಿ ನಕಲು ಮಾಡಿರಬೇಕೆಂದಿತು. ಸಿರಿವಂತರ ಶಾಲೆಯಾಗಿದ್ದರೆ ಇಷ್ಟು ಬೇಗ ಸಂಶಯ ಹುಟ್ಟುತ್ತಿತ್ತೇ ಎಂದು ಆಗಲೇ ಹಲವರು ಕೇಳಿದರು, ಕೇಳಬೇಕಾದ ಪ್ರಶ್ನೆಯೇ. 12 ಮಂದಿ ಮತ್ತೆ ಬರೆದರು. ಹನ್ನೆರಡೂ ಜನ ಪಾಸಾದರು. 1988ರಲ್ಲಿ ಈ ಕಥೆ ಸಿನಿಮಾ ಆಯಿತು.

ಅಷ್ಟರಲ್ಲಿ ಮಿನೆಸೋಟ ಮೂರನೆಯ ಬಾಗಿಲು ತೆರೆದಿತ್ತು. ಗವರ್ನರ್ ರೂಡಿ ಪರ್ಪಿಚ್ ಕಾಲದ 1985ರ ಕಾನೂನಿನ ಪ್ರಕಾರ ಹನ್ನೊಂದು, ಹನ್ನೆರಡನೇ ಕ್ಲಾಸಿನವರು ಸರ್ಕಾರದ ಖರ್ಚಿನಲ್ಲೇ ಕಾಲೇಜಿನ ಪಾಠಕ್ಕೆ ಕೂರಬಹುದು. ಮಗು ಹೋದಲ್ಲಿಗೆ ದುಡ್ಡೂ ಹೋಗುವುದರಿಂದ ಹೈಸ್ಕೂಲಿನವರಿಗೆ ಇದು ರುಚಿಸಲಿಲ್ಲ.

ಕಾಲೇಜುಗಳ ಅನುಮಾನ ಮಾತ್ರ ಪೂರ್ತಿ ಹೋಗಿಲ್ಲ. ಡಾರ್ಟ್‌ಮತ್ ಕಾಲೇಜಿನ ಮನಃಶಾಸ್ತ್ರ ವಿಭಾಗ, ಎಪಿಯಲ್ಲಿ 5 ಪಡೆದು ಬಂದವರಿಗೆ ತನ್ನದೇ ಪರೀಕ್ಷೆ ಕೊಟ್ಟು ನೋಡಿತು. ಹತ್ತರಲ್ಲಿ ಒಂಬತ್ತು ಮಂದಿ ನಪಾಸು. ಆ ಲೆಕ್ಕವನ್ನು ಕಾಲೇಜ್ ಬೋರ್ಡ್ ಪ್ರಶ್ನಿಸಿತು. ಆದರೂ 2014ರಿಂದ ಸೇರಿದವರಿಗೆ ಡಾರ್ಟ್‌ಮತ್ ಎಪಿ ಕ್ರೆಡಿಟ್ ಕೊಡುವುದನ್ನೇ ನಿಲ್ಲಿಸಿತು.